ಯಾವ ಗೆರೆ ಮೊದಲು ಎಳೆದರೇನು ಎಂದು ಕೇಳುವವರಿಗೆ

ಚೀನಾದ ಚೆಂಗ್ಡು ನಗರದಲ್ಲಿದ್ದಾಗ ನಾನು ಚೀನೀ ಬರೆಯಲು, ಅಂದರೆ ಒಂದೊಂದು ಅಕ್ಷರದ ಗೆರೆಗಳನ್ನೂ ಗೊತ್ತಾದ ಕ್ರಮದಲ್ಲೇ ಎಳೆಯಲು, ಕಲಿತೆ. ಅದು ಗೊತ್ತಾದವರೆಲ್ಲ ಎರಡನೇ ಮಾತಿಗೇ ಕೇಳುವುದು ಇದನ್ನು: "ಯಾವ ಗೆರೆ ಮೊದಲು ಎಳೆದ್ರೂ ಕೊನೆಗೆ ಬರೋದು ಅದೇ ಅಕ್ಷರ ತಾನೆ? ಅದಕ್ಯಾಕೆ ಇಷ್ಟು ಒದ್ದಾಟ?" ಮದುವೆಮನೆಯಲ್ಲಿ, ಆಫೀಸಿನ ಕ್ಯಾಂಟೀನಿನಲ್ಲಿ ಉತ್ತರ ಹೇಳಿ ಹೇಳಿ ಸಾಕಾಗಿದೆ. ಇನ್ನು ಮುಂದೆ ಕೇಳಿದವರಿಗೆ ಇದರ ಲಿಂಕ್ ಕಳಿಸುತ್ತೇನೆ.

ಇದು ಉತ್ತರವನ್ನು ಮೊದಲೇ ತೀರ್ಮಾನಿಸಿಕೊಂಡು ಕೇಳುವ ಪ್ರಶ್ನೆ. ಆ ತೀರ್ಮಾನ ತಪ್ಪು. ಅಚ್ಚಿನಲ್ಲಿ ಅದೇ ಅಕ್ಷರ ಇರಬಹುದು, ಆದರೆ ಅಚ್ಚಿನ ಹಾಗೆ ಕೈಯಲ್ಲಿ ಬರೆಯುವವರು ಯಾರಿದ್ದಾರೆ?

ಚೆಂಗ್ಡುವಿನಲ್ಲಿ ಒಮ್ಮೆ ದರ್ಜಿಯೊಬ್ಬರಿಗೆ ಪ್ಯಾಂಟು ಕೊಟ್ಟಿದ್ದೆ. ಅವರು ಕೈಗಿತ್ತ ಚೀಟಿಯಲ್ಲಿ ಪೆನ್ನು ಎತ್ತದೇ ಗೀಚಿದ ಒಂದು ಸಾಲು. ಅದರಲ್ಲಿ ಒಂದಕ್ಷರವಂತೂ ಬಳ್ಳಿ ಸುತ್ತಿಕೊಂಡ ಹಾಗಿತ್ತು. ಬಸ್‌ಸ್ಟಾಪಿನಲ್ಲಿ ನಿಂತು ಅದರ ಮೇಲೆ ಬೆರಳಾಡಿಸಿದೆ. ಮೇಲೊಂದು ಅಡ್ಡಗೆರೆ, ಕೆಳಗೆ ಎಡಕ್ಕೊಂದು ಬಲಕ್ಕೊಂದು ಚುಕ್ಕೆ, ಮತ್ತೊಂದು ಅಡ್ಡಗೆರೆ, ನಡುವೆ ಉದ್ದಗೆರೆ, ಕೊನೆಗೆ ಎಡಬಲಕ್ಕೆ ಇಳಿಯುವ ಎರಡು ಓರೆಗೆರೆ. 'ಲೈ', ಅಂದರೆ 'ಬಾ'. ನಾಡಿದ್ದು ಮಧ್ಯಾಹ್ನ ಬಂದು ತೆಗೆದುಕೊಂಡು ಹೋಗು ಎಂದು ಬರೆದಿದ್ದರು. ಅವರ ಕೈ ಹೋದ ದಾರಿಯಲ್ಲೇ ನನ್ನ ಬೆರಳೂ ಹೋಗಿದ್ದರಿಂದ ಓದಲು ಬಂತು. ಗೆರೆಗಳನ್ನು ಮನಸ್ಸಿಗೆ ಬಂದಂತೆ ಎಳೆದು ಕಲಿತವರಿಗೆ ಆ ಚೀಟಿ ಬರೀ ಗೀಚು.

ವೇಗವಾಗಿ ಬರೆಯುವಾಗ ಒಂದು ಗೆರೆಯ ಕೊನೆ ಮುಂದಿನ ಗೆರೆಯ ಮೊದಲಿಗೆ ಅಂಟಿಕೊಳ್ಳುತ್ತದೆ. ಕ್ರಮ ಬೇರೆಯಾದರೆ ಅಂಟುವ ಜಾಗವೂ ಬೇರೆ, ಆಗ ಹುಟ್ಟುವ ಆಕಾರವೇ ಬೇರೆ. 1956ರಲ್ಲಿ ಚೀನಾ ಸರ್ಕಾರ ಅಕ್ಷರ ಸರಳಗೊಳಿಸುವ ಯೋಜನೆ ಪ್ರಕಟಿಸಿದಾಗ ಹಲವು ರೂಪಗಳನ್ನು ತೆಗೆದುಕೊಂಡದ್ದು ಹಳೆಯ ಕಾಲದ ಇಂಥ ಕೂಡುಬರಹದಿಂದಲೇ. 'ಪುಸ್ತಕ' ಎಂಬ ಅಕ್ಷರ ಹತ್ತು ಗೆರೆಯಿಂದ ನಾಲ್ಕಕ್ಕೆ ಇಳಿದದ್ದು ಹಾಗೆ. ಮಾತಿಗೆ ಸಂಬಂಧಿಸಿದ ಅಕ್ಷರಗಳ ಎಡಭಾಗದಲ್ಲಿ ಬರುವ ಏಳು ಗೆರೆಯ ತುಂಡು ಎರಡೇ ಗೆರೆಯಾದದ್ದೂ ಹಾಗೆ. ಇವತ್ತು ಅಚ್ಚಿನಲ್ಲಿ ಕಾಣುವ ಆಕಾರವನ್ನೇ ಈ ಕ್ರಮ ಮಾಡಿಕೊಟ್ಟಿರುವಾಗ, "ಕೊನೆಗೆ ಅದೇ ಅಕ್ಷರ ತಾನೆ" ಎಂದರೆ ಸಿಟ್ಟು ಬರದೇ ಇರುತ್ತದೆಯೇ?

ಈಗೆಲ್ಲ ಟೈಪ್ ಮಾಡ್ತಾರಲ್ಲ ಎನ್ನುವವರಿಗೆ: ಫೋನಿನಲ್ಲಿ ಐದು ಬಗೆಯ ಗೆರೆಗಳ ಕೀಲಿಗಳನ್ನು ಕ್ರಮವಾಗಿ ಒತ್ತಿ ಬರೆಯುವ ವಿಧಾನವೂ ಇದೆ. ಹೆಸರುಗಳ ಪಟ್ಟಿಯನ್ನು ಗೆರೆಗಳ ಲೆಕ್ಕದಲ್ಲಿ ಜೋಡಿಸುವುದೂ ಅಲ್ಲಿ ರೂಢಿ. 2008ರ ಬೀಜಿಂಗ್ ಒಲಿಂಪಿಕ್ಸ್ ಪಥಸಂಚಲನದಲ್ಲಿ, ರೂಢಿಯಂತೆ ಮೊದಲು ಬರುವ ಗ್ರೀಸ್ ಹಿಂದೆಯೇ ಗಿನಿ ಬಂದದ್ದು ಅದರ ಚೀನೀ ಹೆಸರಿನ ಮೊದಲ ಅಕ್ಷರಕ್ಕೆ ಎರಡೇ ಗೆರೆ ಇದ್ದದ್ದರಿಂದ. ಎಣಿಸಬೇಕಾದರೆ ಪೆನ್ನು ಎಲ್ಲಿ ಎತ್ತಬೇಕು ಎಂದು ಗೊತ್ತಿರಬೇಕು. 'ಬಾಯಿ' ಎಂಬ ಅಕ್ಷರ ನೋಡಲು ಚೌಕ, ಗೆರೆ ಮಾತ್ರ ಮೂರು: ಎಡಬದಿ ಒಂದು, ಮೇಲಿನಿಂದ ಬಲಕ್ಕೆ ಮಡಚಿ ಇಳಿಯುವುದು ಒಂದು, ತಳ ಒಂದು. 'ದೇಶ' ಎಂಬ ಅಕ್ಷರದ ಚೌಕಕ್ಕಾದರೆ ಒಳಗಿನದೆಲ್ಲ ಬರೆದ ಮೇಲೆಯೇ ತಳ. ಒಳಗೆ ಬಂದ ಮೇಲೆ ಬಾಗಿಲು ಹಾಕು ಎಂದು ಅಲ್ಲಿ ಮಕ್ಕಳಿಗೆ ತಿದ್ದಿಸುತ್ತಾರೆ.

ಯಾರಾದರೂ ಕೇಳಲಿ ಎಂದು ನಾನು ಕಾಯುವ ಪ್ರಶ್ನೆ ಬೇರೆ ಇದೆ: ಈ ಕ್ರಮ ಎಲ್ಲ ಕಡೆ ಒಂದೇನಾ? ಅಲ್ಲ! 'ಎಡ' ಮತ್ತು 'ಬಲ' ಎಂಬ ಎರಡಕ್ಷರಗಳನ್ನೇ ನೋಡಿ. ಪ್ರಾಚೀನ ಲಿಪಿಯಲ್ಲಿ ಅವು ಎರಡು ಕೈಗಳ ಚಿತ್ರದಿಂದ ಬಂದವು. ಇವತ್ತು ಎರಡರ ಮೇಲ್ಭಾಗವೂ ಒಂದೇ ಥರ: ಒಂದು ಅಡ್ಡಗೆರೆ, ಅದನ್ನು ದಾಟಿ ಎಡಕ್ಕಿಳಿಯುವ ಒಂದು ಓರೆ. ಚೀನಾದಲ್ಲಿ ಎರಡಕ್ಕೂ ಅಡ್ಡಗೆರೆಯೇ ಮೊದಲು. ಇದೇ ಅಕ್ಷರಗಳನ್ನು ಬಳಸುವ ಜಪಾನಿನಲ್ಲಿ 'ಎಡ'ಕ್ಕೆ ಅಡ್ಡಗೆರೆ ಮೊದಲು, 'ಬಲ'ಕ್ಕೆ ಓರೆ ಮೊದಲು. ತೈವಾನ್ ಶಿಕ್ಷಣ ಸಚಿವಾಲಯ 1996ರಲ್ಲಿ ತನ್ನದೇ ಕೈಪಿಡಿ ತಂದಿತು. ಚೀನಾ 2020ರಲ್ಲಿ 8105 ಅಕ್ಷರಗಳ ಕ್ರಮವನ್ನು ಗೊತ್ತುಮಾಡಿತು. ಜಪಾನಿನ 1958ರ ಶಾಲಾ ಕೈಪಿಡಿಯಂತೂ ತಾನು ಹೇಳದ ಬೇರೆ ಕ್ರಮಗಳು ತಪ್ಪೇನಲ್ಲ ಎಂದು ತಾನೇ ಹೇಳಿಬಿಟ್ಟಿದೆ. ಆ ಮಾತು ನನಗೆ ಬಹಳ ಇಷ್ಟ.

ನಾನು ಹಿಡಿದದ್ದು ಚೀನಾದ ಕ್ರಮ, ಏಕೆಂದರೆ ನಾನು ಓದಬೇಕಾದ ಕೈಬರಹ ಅಲ್ಲಿನವರದು. ಜಪಾನೀ ಕಲಿಯುತ್ತಿರುವವರು ಇದನ್ನು ಓದಿಕೊಂಡು ತಮ್ಮ 'ಬಲ'ವನ್ನು ಬದಲಾಯಿಸಿಕೊಳ್ಳುವುದು ಬೇಡ.