ಚುಕ್ಕೆ ಬಿಟ್ಟುಹೋದ ರಾತ್ರಿ

ಒಂಬತ್ತು ವರ್ಷದಿಂದ ಐಸಿಯುನಲ್ಲಿ ಸ್ಟಾಫ್ ನರ್ಸ್ ಆಗಿದ್ದೇನೆ. ನನಗೆ ಸುಸ್ತಾಗಲ್ಲ ಅನ್ನೋದು ನನ್ನ ದೊಡ್ಡ ಹೆಮ್ಮೆಯಾಗಿತ್ತು. ಜೂನಿಯರ್‌ಗಳು ಆಫ್ ಕೇಳಿದರೆ "ನಾವೆಲ್ಲ ಡಬಲ್ ಡ್ಯೂಟಿ ಮಾಡ್ಕೊಂಡೇ ಬಂದವರು ಕಣ್ರೇ" ಎನ್ನುತ್ತಿದ್ದೆ. ಹಾಗೆ ಹೇಳುವಾಗ ಒಳಗೊಳಗೇ ಖುಷಿಯೂ ಆಗುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಅವತ್ತು ನನ್ನದು ಸತತ ಆರನೇ ನೈಟ್. ಮಧ್ಯದಲ್ಲಿ ಒಂದು ದಿನ ಯಾರೋ ಬರಲಿಲ್ಲ ಅಂತ ಬೆಳಗಿನ ಶಿಫ್ಟನ್ನೂ ಮಧ್ಯಾಹ್ನದವರೆಗೆ ಎಳೆದಿದ್ದೆ. ಐದನೇ ಬೆಡ್‌ನಲ್ಲಿ ಸೆಪ್ಸಿಸ್ ಪೇಷಂಟ್, ಅಂದರೆ ಸೋಂಕು ಮೈಯನ್ನೆಲ್ಲಾ ಕೆಡಿಸಿತ್ತು. ಹೊಟ್ಟೆಯ ಆಪರೇಷನ್ ಆಗಿ ಮೂರು ದಿನವಾಗಿತ್ತು. ಬಿಪಿ ಏರಿಸೋ ಮದ್ದು ನೋರಾಡ್ (ನೋರಾಡ್ರಿನಲಿನ್) ಸಿರಿಂಜ್ ಪಂಪ್‌ನಿಂದ ಗಂಟೆಗೆ 2.5 ಎಂಎಲ್‌ನಲ್ಲಿ ಹೋಗ್ತಾ ಇತ್ತು, ಮ್ಯಾಪ್, ಅಂದರೆ ಬಿಪಿಯ ಸರಾಸರಿ, ಎಪ್ಪತ್ತರ ಆಸುಪಾಸಿನಲ್ಲಿ ನಿಂತಿತ್ತು. ಬೆಳಗಿನ ಜಾವ ನಾಲ್ಕೂವರೆಗೆ ಸಿರಿಂಜ್ ಮುಗಿಯುತ್ತಾ ಬಂತು. ಪಂಪ್ ಕುಯ್ಯೋ ಅನ್ನೋಕೆ ಶುರು ಮಾಡಿತು.

ಹೊಸ ಸಿರಿಂಜ್ ಲೋಡ್ ಮಾಡಿದೆ. ನೋರಾಡ್ ಅಂದರೆ ಹೈ ಅಲರ್ಟ್ ಡ್ರಗ್, ಇಬ್ಬರು ನೋಡಿ ಸೈನ್ ಹಾಕಬೇಕು. ನಮ್ಮ ಜೂನಿಯರ್ ಹುಡುಗಿ ಕೇರಳದವಳು, ಬಂದು ಏಳು ತಿಂಗಳಾಗಿತ್ತು. ನನ್ನನ್ನು ಕರೆಯೋದು ಚೇಚಿ ಅಂತ, ಅಂದರೆ ಅಕ್ಕ. ಆರನೇ ಬೆಡ್‌ನಲ್ಲಿ ಸಕ್ಷನ್ ಮಾಡುತ್ತಿದ್ದವಳು ಅಲ್ಲಿಂದಲೇ ಕೇಳಿದಳು.

"ಚೇಚಿ, ನಾನು ಬಂದು ನೋಡ್ಬೇಕಾ?"

"ಬೇಡ ಬಿಡು, ನಿನ್ನ ಕೆಲಸ ಮುಗಿಸು. ಆಮೇಲೆ ಸೈನ್ ಹಾಕು."

ಈ ಒಂದು ಮಾತನ್ನು ಇವತ್ತಿಗೂ ವಾಪಸ್ ತಗೊಳ್ಳಬೇಕು ಅನಿಸುತ್ತೆ.

ಎರಡು ಒತ್ತಿದೆ, ಐದು ಒತ್ತಿದೆ, ಸ್ಟಾರ್ಟ್ ಒತ್ತಿದೆ. ನಡುವಿನ ಚುಕ್ಕೆ ಒತ್ತಿದೆ ಅಂತಲೇ ನನ್ನ ನಂಬಿಕೆ. ಬೆರಳಿಗೆ ಒತ್ತಿದ ನೆನಪು ಕೂಡ ಇತ್ತು, ಅದೇ ವಿಚಿತ್ರ. ಚಾರ್ಟ್‌ನಲ್ಲಿ 2.5 ಅಂತ ನೀಟಾಗಿ ಬರೆದು ಐಓ ಟೋಟಲ್, ಅಂದರೆ ಪೇಷಂಟ್‌ಗೆ ಒಳಗೆ ಹೋದ, ಹೊರಗೆ ಬಂದ ದ್ರವದ ಲೆಕ್ಕ, ಹಾಕಲು ಕೂತೆ.

ಮಾನಿಟರ್ ಕೂಗಿತು. ಸೈಲೆನ್ಸ್ ಒತ್ತಿದೆ. ಐಸಿಯುನಲ್ಲಿ ಕೆಲಸ ಮಾಡಿದವರಿಗೆ ಗೊತ್ತು, ರಾತ್ರಿಯೆಲ್ಲಾ ಏನಾದರೊಂದು ಕೂಗುತ್ತಲೇ ಇರುತ್ತೆ. ಕಿವಿ ಕೇಳುತ್ತೆ, ತಲೆಗೆ ಹೋಗಲ್ಲ. ಮತ್ತೆ ಕೂಗಿತು. ತಲೆ ಎತ್ತಿ ನೋಡಿದರೆ ಬಿಪಿಯ ಮೇಲಿನ ಅಂಕಿ 178. ರಕ್ತನಾಳದೊಳಗಿಂದ ಬಿಪಿ ಅಳೆಯೋ ಆರ್ಟ್ ಲೈನ್‌ದೇ ಏನೋ ತರಲೆ ಇರಬೇಕು ಅಂದುಕೊಂಡೆ. ಎದ್ದು ಹೋಗಿ ಟ್ರಾನ್ಸ್‌ಡ್ಯೂಸರ್ ಲೆವೆಲ್ ನೋಡಿದೆ, ಮತ್ತೆ ಝೀರೋ ಮಾಡಿದೆ. 196 ತೋರಿಸಿತು. ದರಿದ್ರದ್ದು ಅಂತ ಬೈದು ಇನ್ನೊಂದು ಸಲ ಝೀರೋ ಮಾಡಿದೆ. 214.

ಪಂಪ್ ನನ್ನ ಮೊಣಕೈಗೆ ತಾಗುವಷ್ಟು ಹತ್ತಿರದಲ್ಲಿತ್ತು. ನಾನು ಅದರ ಕಡೆ ತಿರುಗಿಯೂ ನೋಡಲಿಲ್ಲ. ಅದನ್ನು ಸೆಟ್ ಮಾಡಿದ್ದು ನಾನೇ ಅಲ್ವಾ, ಅದು ಸರಿಯಾಗೇ ಇರುತ್ತೆ. ತಪ್ಪಿದ್ದರೆ ಮೆಷಿನ್‌ದೇ ತಪ್ಪು.

ಹಿಂದಿನಿಂದ ಮೆತ್ತಗೆ ಒಂದು ದನಿ: "ಚೇಚಿ, ನೋರಾಡ್ ಇಪ್ಪತ್ತೈದಲ್ಲಿ ಹೋಗ್ತಾ ಇದೆ."

ಕಾಲು ತಣ್ಣಗಾಯಿತು. ಪಂಪ್ ನಿಲ್ಲಿಸಿದೆ. ಡ್ಯೂಟಿ ಡಾಕ್ಟರನ್ನು ಕೂಗಿದೆ, ಕೂಗಿದ್ದು ನನ್ನ ದನಿಯೇ ಅಂತ ನನಗೇ ಅನಿಸಲಿಲ್ಲ. ನೋರಾಡ್ ಬೇಗ ಏರಿಸುತ್ತೆ, ನಿಲ್ಲಿಸಿದರೆ ಅಷ್ಟೇ ಬೇಗ ಇಳಿಯುತ್ತೆ, ನಮ್ಮ ಪುಣ್ಯ. ಆದರೆ ಪೂರ್ತಿ ನಿಲ್ಲಿಸಿಯೇ ಬಿಟ್ಟರೆ ಆ ಪೇಷಂಟ್‌ನ ಬಿಪಿ ಪಾತಾಳಕ್ಕೆ ಹೋಗುತ್ತೆ. ಎಷ್ಟಕ್ಕೆ ಇಳಿದಾಗ ಮತ್ತೆ ಶುರು ಮಾಡಬೇಕು ಅಂತ ಮೂರೂ ಜನ ಆ ಕೆಂಪು ಅಂಕಿಯನ್ನೇ ನೋಡುತ್ತಾ ನಿಂತೆವು. 200. 181. 150. 128. ಡಾಕ್ಟರ್ "ಈಗ" ಅಂದರು. ಈ ಸಲ ಸಂಖ್ಯೆ ಒತ್ತಿದ್ದು ಜೂನಿಯರ್. ನನ್ನ ಕೈ ನಡುಗುತ್ತಿತ್ತು.

ಆಮೇಲೆ ಲೆಕ್ಕ ಹಾಕಿದೆ. ಗಂಟೆಗೆ 25 ಎಂಎಲ್ ಅಂದರೆ ನಾಲ್ಕು ನಿಮಿಷಕ್ಕೆ 1.7 ಎಂಎಲ್ ಹತ್ತಿರ. ಒಂದು ಟೀ ಚಮಚದ ಮೂರರಲ್ಲಿ ಒಂದು ಪಾಲು. ಅಷ್ಟೇ.

ಪೇಷಂಟ್‌ಗೆ ಏನೂ ಆಗಲಿಲ್ಲ. ಬೆಳಗ್ಗೆ ಕನ್ಸಲ್ಟೆಂಟ್ ಮನೆಯವರಿಗೆ ವಿಷಯ ಹೇಳಿದರು. ನಾಲ್ಕನೇ ದಿನ ವಾರ್ಡ್‌ಗೆ ಶಿಫ್ಟ್ ಆಯಿತು. ಹೋಗುವಾಗ ಆ ಅಜ್ಜ ನನ್ನ ಕೈ ಹಿಡಿದು "ಚೆನ್ನಾಗಿ ನೋಡ್ಕೊಂಡ್ರಿ ತಾಯಿ" ಅಂದರು. ಅವರು ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು.

ಇನ್ಸಿಡೆಂಟ್ ಫಾರ್ಮ್ ನಾನೇ ತುಂಬಿದೆ. ಕಾರಣ ಎಂಬಲ್ಲಿ ಆರನೇ ನೈಟ್ ಎಂದು ಬರೆದಿದ್ದೆ. ಮೀಟಿಂಗ್‌ನಲ್ಲಿ ಅದು "ಹ್ಯೂಮನ್ ಎರರ್" ಆಯಿತು. ಪಂಪ್‌ನಲ್ಲಿ ಡ್ರಗ್ ಲೈಬ್ರರಿ, ಅಂದರೆ ಒಂದೊಂದು ಮದ್ದಿಗೂ ಇಷ್ಟೇ ಮಿತಿ ಅಂತ ತುಂಬಿಟ್ಟ ಪಟ್ಟಿ, ಹಾಕಿಸಿದ್ದರೆ 25 ಒತ್ತಿದ ಕೂಡಲೇ ಅದು ತಡೆದು ಕೇಳುತ್ತಿತ್ತು. ಲೈಬ್ರರಿ ಯಾಕೆ ಹಾಕಿಸಿಲ್ಲ ಅಂತ ಕೇಳಿದೆ. ಬಯೋಮೆಡಿಕಲ್‌ನವರು ಪರ್ಚೇಸ್ ಕಡೆ ನೋಡಿದರು. ಪರ್ಚೇಸ್‌ನವರು ಟೀ ಕಡೆ ನೋಡಿದರು.

ಕೊನೆಗೆ ಮ್ಯಾನೇಜ್‌ಮೆಂಟ್ ತೀರ್ಮಾನಿಸಿದ್ದು ಸಿಬ್ಬಂದಿಗೆ ಸ್ಟ್ರೆಸ್ ಮ್ಯಾನೇಜ್‌ಮೆಂಟ್ ಸೆಷನ್. ಮಧ್ಯಾಹ್ನ ಎರಡಕ್ಕೆ, ಅಂದರೆ ನೈಟ್‌ನವರು ಮಲಗುವ ಹೊತ್ತಿಗೆ. ಬಯೋಮೆಟ್ರಿಕ್ ಕಡ್ಡಾಯ. ಜಾಗ ಬೇಸ್‌ಮೆಂಟ್, ಒಂದು ಕಿಟಕಿಯೂ ಇಲ್ಲ. ಸೆಷನ್ ನಡೆಸಲು ಬಂದವರು ಒಳ್ಳೆಯವರೇ, ಅವರ ಮೇಲೆ ನನಗೆ ಸಿಟ್ಟಿಲ್ಲ. ಒಂದು ಸ್ಲೈಡ್ ನಿಜಕ್ಕೂ ಚೆನ್ನಾಗಿತ್ತು. 1984ರಲ್ಲಿ ರೋಜರ್ ಉಲ್ರಿಚ್ ಎಂಬವರು ಅಮೆರಿಕದ ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆಯ ಹಳೇ ಕೇಸ್ ಶೀಟ್‌ಗಳನ್ನು ತೆಗೆದು ನೋಡಿದ್ದರಂತೆ. ಪಿತ್ತಕೋಶದ ಆಪರೇಷನ್ ಆದ 46 ಜನ. ಅರ್ಧ ಜನರ ಕಿಟಕಿಗೆ ಮರಗಳು ಕಾಣುತ್ತಿದ್ದವು, ಇನ್ನರ್ಧಕ್ಕೆ ಇಟ್ಟಿಗೆ ಗೋಡೆ. ಮರ ಕಂಡವರು ಬೇಗ ಮನೆಗೆ ಹೋದರು, ಅವರಿಗೆ ಜೋರಿನ ನೋವಿನ ಮದ್ದೂ ಕಡಿಮೆ ಸಾಕಾಯಿತು.

ನನ್ನ ಮನಸ್ಸಿಗೆ ಹಿಡಿಸಿದ್ದು ಇನ್ನೊಂದು ವಿಷಯ. ಉಲ್ರಿಚ್ ಲೆಕ್ಕಕ್ಕೆ ತಗೊಂಡಿದ್ದರಲ್ಲಿ ನರ್ಸ್ ನೋಟ್ಸ್ ಕೂಡ ಇತ್ತು. ಪೇಷಂಟ್ ಅಳುತ್ತಿದ್ದಾರೆ, ಬೇಜಾರಲ್ಲಿದ್ದಾರೆ ಅಂತ ನರ್ಸ್‌ಗಳು ಬರೆದಿದ್ದು ಗೋಡೆ ಕಡೆಯವರ ಬಗ್ಗೆಯೇ ಜಾಸ್ತಿ. ಸರಿ, ಆ ನರ್ಸ್‌ಗಳಿಗೆ ಕಿಟಕಿ ಇತ್ತಾ? ಕೇಳೋಣ ಅಂದುಕೊಂಡೆ. ಅಷ್ಟರಲ್ಲಿ ಸೆಷನ್ ನಡೆಸುತ್ತಿದ್ದವರು "ಎಲ್ಲರೂ ಕಣ್ಣು ಮುಚ್ಚಿ, ನೀವೀಗ ದಟ್ಟ ಕಾಡಿನಲ್ಲಿದ್ದೀರಿ" ಅಂದರು. ಎರಡು ನಿಮಿಷದಲ್ಲಿ ನೈಟ್‌ನವರ ಸಾಲಿನಿಂದ ಗೊರಕೆ ಕೇಳಿಸಿತು. ಅವತ್ತಿನ ಸೆಷನ್‌ನಿಂದ ನಿಜವಾಗಿ ಲಾಭ ಆಗಿದ್ದು ಆ ಗೊರಕೆಯವರೊಬ್ಬರಿಗೆ.

ಆದರೆ ನನಗೆ ನಿದ್ದೆಯೇ ಹೋಗಿತ್ತು. ಮಲಗಿದರೆ ಬೆರಳಿನ ತುದಿಯಲ್ಲಿ ಆ ಬಟನ್. ಮನೆಯಲ್ಲಿ ಕುಕ್ಕರ್ ಕೂಗಿದರೂ ಎದೆ ಹೊಡೆದುಕೊಳ್ಳುತ್ತಿತ್ತು. ಒಂದು ರಾತ್ರಿ 14416ಕ್ಕೆ ಫೋನ್ ಮಾಡಿದೆ, ಅದೇ 2022ರಲ್ಲಿ ಶುರುವಾದ ಟೆಲಿ ಮಾನಸ್. ಎಷ್ಟೋ ಪೇಷಂಟ್‌ಗಳ ಮನೆಯವರಿಗೆ ನಾನೇ ಆ ನಂಬರ್ ಬರೆದುಕೊಟ್ಟಿದ್ದೆ. ಕನ್ನಡ ಆರಿಸಿಕೊಂಡೆ. ಆ ಕಡೆಯ ಹೆಂಗಸು ಸಾವಧಾನವಾಗಿ ಎಲ್ಲಾ ಕೇಳಿ, "ಈ ವಾರ ಒಟ್ಟು ಎಷ್ಟು ಗಂಟೆ ಮಲಗಿದ್ದೀರಿ?" ಅಂದರು. ಬೆರಳು ಎಣಿಸಿ ಹೇಳಿದೆ. ಹೇಳಿದ ಮೇಲೆ ನನಗೇ ನಾಚಿಕೆಯಾಯಿತು. ಇದೇ ಸಂಖ್ಯೆಯನ್ನು ಯಾವುದಾದರೂ ಪೇಷಂಟ್ ಹೇಳಿದ್ದರೆ ಕೂಡಲೇ ಡಾಕ್ಟರ್‌ಗೆ ಹೇಳಿರುತ್ತಿದ್ದೆ.

ಮಾತಿನ ಕೊನೆಗೆ ಅವರು ಹತ್ತಿರ ಮರಗಿಡ ಇರೋ ಜಾಗ ಯಾವುದಾದರೂ ಇದೆಯಾ ಅಂತ ಕೇಳಿದರು. ಆಸ್ಪತ್ರೆಯಿಂದ ಲಾಲ್‌ಬಾಗ್‌ಗೆ ಸ್ಕೂಟಿಯಲ್ಲಿ ಹತ್ತು ನಿಮಿಷ. ಒಂಬತ್ತು ವರ್ಷದಲ್ಲಿ ಎರಡು ಸಲ ಹೋಗಿದ್ದೆ, ಎರಡು ಸಲವೂ ಫ್ಲವರ್ ಶೋಗೆ. ಜನರ ಬೆನ್ನು ನೋಡಿಕೊಂಡು ಬಂದಿದ್ದೆ.

ಮಾರನೇ ದಿನವೇ ನೈಟ್ ಮುಗಿಸಿ ನೇರ ಹೊರಟೆ. ಇದು ನನ್ನ ಎರಡನೇ ಪೆದ್ದತನ. ಡಬಲ್ ರೋಡ್ ಸಿಗ್ನಲ್‌ನಲ್ಲಿ ನಿಂತಲ್ಲೇ ಜೊಂಪು. ಹಿಂದಿನ ಆಟೋದವರು ಹಾರ್ನ್ ಒತ್ತಿ, "ಏನಮ್ಮಾ, ಇಲ್ಲೇ ಮನೆ ಮಾಡ್ತೀಯಾ?" ಅಂದರು. ಹೇಗೋ ಒಳಗೆ ಹೋಗಿ ಬೆಂಚಿನ ಮೇಲೆ ಕೂತವಳು ಹಾಗೇ ವಾಲಿಬಿಟ್ಟಿದ್ದೆ. ವಾಕಿಂಗ್ ಬಂದಿದ್ದ ಒಬ್ಬ ಆಂಟಿ ಭುಜ ತಟ್ಟಿ "ಯಾಕಮ್ಮ, ಹುಷಾರಿಲ್ವಾ? ತಿಂಡಿ ತಿಂದ್ಯಾ?" ಅಂದರು. ನೈಟ್ ಮುಗಿಸಿದವರು ಮೊದಲು ಮನೆಗೆ ಹೋಗಿ ಪರದೆ ಎಳೆದು ಮಲಗಬೇಕು, ಪ್ರಕೃತಿ ಎಲ್ಲೂ ಓಡಿಹೋಗಲ್ಲ. ಅದೂ ಗಾಡಿ ಓಡಿಸುವವರು ಇದನ್ನು ತಮಾಷೆ ಅಂದುಕೊಳ್ಳಬೇಡಿ.

ಆಮೇಲೆ ಆಫ್ ದಿನ, ಚೆನ್ನಾಗಿ ಮಲಗಿ ಎದ್ದು, ಸಂಜೆ ನಾಲ್ಕಕ್ಕೆ ಹೋಗತೊಡಗಿದೆ. ಕೆಂಪೇಗೌಡರ ಗೋಪುರದ ಬಂಡೆ ಮೇಲೆ ಒಂದು ಕಡೆ ಕೂರುವುದು, ಅಷ್ಟೇ. ಆ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸಂತೆ, ಅಲ್ಲಿ ಬೋರ್ಡ್ ಇದೆ. ಹೈದರಾಲಿ ಕೆಳಗಿನ ತೋಟ ಶುರು ಮಾಡಿದ್ದು 1760ರಲ್ಲಿ. ಬಿಸಿಲಿಗೆ ಕಾದ ಕಲ್ಲು ಸಂಜೆಗೆ ಬೆಚ್ಚಗಿರುತ್ತೆ. ಹದ್ದುಗಳು ಸುತ್ತುತ್ತಿರುತ್ತವೆ. ದೊಡ್ಡ ಯೋಚನೆ ಯಾವುದೂ ಬರಲಿಲ್ಲ. ಬರುತ್ತೆ ಅಂತ ಕಾಯುತ್ತಿದ್ದೆ, ಬೆನ್ನು ನೋವು ಬಂತು.

ಮೊದಲೆರಡು ವಾರ ಫೋನ್ ಕೈಯಲ್ಲೇ ಇತ್ತು. ವಾರ್ಡ್ ಗ್ರೂಪ್‌ನಲ್ಲಿ ಮೆಸೇಜ್ ಬಂದಾಗೆಲ್ಲ ನಾನು ಬಂಡೆ ಮೇಲಿಲ್ಲ, ಐದನೇ ಬೆಡ್ ಪಕ್ಕದಲ್ಲಿದ್ದೆ. ಈಗ ಫೋನನ್ನು ಸ್ಕೂಟಿ ಡಿಕ್ಕಿಯಲ್ಲಿ ಹಾಕಿ ಬೀಗ ಹಾಕುತ್ತೇನೆ. ಇನ್‌ಚಾರ್ಜ್ ಸಿಸ್ಟರ್‌ಗೆ ಇದು ಇಷ್ಟವಿಲ್ಲ.

ಒಂದು ದಿನ ಬಂಡೆಯಿಂದ ಇಳಿದು ಮರಗಳ ಕೆಳಗೆ ಹೋಗುವಾಗ ತಲೆ ಮೇಲೆ ಟಕ್, ಟಕ್, ಟಕ್. ಒಂದೇ ದನಿ, ಒಂದೇ ಅಂತರ. ನನ್ನ ಕೈ ತಾನಾಗೇ ಮೇಲೆ ಹೋಗಿತ್ತು, ಪಂಪ್‌ನ ಸೈಲೆನ್ಸ್ ಬಟನ್ ಹುಡುಕಿಕೊಂಡು. ದಾರಿಯಲ್ಲಿ ಹೋಗುವವರು ನೋಡಿದರು. ಕೂದಲು ಸರಿ ಮಾಡಿಕೊಂಡ ಹಾಗೆ ನಟಿಸಿದೆ. ಆಮೇಲೆ ನಿಂತು ಹುಡುಕಿದೆ. ಪುಟ್ಟ ಕುಟ್ರು ಹಕ್ಕಿ, ಹಸಿರು ಮೈ, ಹಣೆ ಮೇಲೆ ಕೆಂಪು ಬೊಟ್ಟು ಇಟ್ಟ ಹಾಗೆ. ಒಂದೊಂದು ಸಲ ಕೂಗುವಾಗಲೂ ಗಂಟಲು ಉಬ್ಬುತ್ತೆ, ತಲೆ ಒಂಚೂರು ಅಲ್ಲಾಡುತ್ತೆ. ಎಣಿಸುತ್ತಾ ನಿಂತೆ. ಎಪ್ಪತ್ತೋ ಎಂಬತ್ತೋ ಆದ ಮೇಲೆ ತಾನಾಗೇ ನಿಲ್ಲಿಸಿತು. ಯಾರೂ ಏನೂ ಒತ್ತಬೇಕಾಗಿರಲಿಲ್ಲ. ಎಷ್ಟೋ ದಿನದ ಮೇಲೆ ಒಂದು ದನಿಯನ್ನು ಕೊನೆಯವರೆಗೂ ಕೇಳಿದ್ದೆ. ಆ ರಾತ್ರಿ ನಿದ್ದೆ ಬಂತು. ಹಕ್ಕಿಯಿಂದಲೇ ಬಂತು ಅಂತ ಹೇಳಲ್ಲ. ಅವತ್ತು ಎರಡನೇ ಆಫ್ ಕೂಡ ಆಗಿತ್ತು.

ಇಂಗ್ಲೆಂಡಿನಲ್ಲಿ ಸುಮಾರು 20,000 ಜನರನ್ನು ಕೇಳಿ 2019ರಲ್ಲಿ ಒಂದು ಅಧ್ಯಯನ ಪ್ರಕಟವಾಗಿದೆ. ವಾರಕ್ಕೆ 120 ನಿಮಿಷವಾದರೂ ಹಸಿರಿನ ನಡುವೆ ಕಳೆಯುವವರು ತಮ್ಮ ಆರೋಗ್ಯ ಚೆನ್ನಾಗಿದೆ ಅಂತ ಹೇಳುವುದು ಜಾಸ್ತಿಯಂತೆ. ಒಂದೇ ಸಲ ಕಳೆದರೂ ಸರಿ, ಬಿಡಿಬಿಡಿಯಾಗಿ ಕಳೆದರೂ ಸರಿ. ಚೆನ್ನಾಗಿರುವವರೇ ಹೊರಗೆ ಹೋಗುತ್ತಾರೋ, ಹೊರಗೆ ಹೋದವರು ಚೆನ್ನಾಗಾಗುತ್ತಾರೋ ಅಂತ ಅದರಿಂದ ಗೊತ್ತಾಗಲ್ಲ. ನನಗೆ ವಾರಕ್ಕೆ ಎರಡು ಗಂಟೆ ಸಿಕ್ಕಿದರೆ ಸಿಕ್ಕಿತು. ಆರು ನೈಟ್ ಹಾಕಿದ ವಾರ ಮುನ್ನೂರು ಕೋಟಿ ವರ್ಷದ ಬಂಡೆಯೂ ಏನೂ ಮಾಡಲಾಗಲ್ಲ. ಇದನ್ನೇ ಇನ್‌ಚಾರ್ಜ್‌ಗೆ ಬರೆದುಕೊಟ್ಟೆ, ಬಂಡೆ ವಿಷಯ ಬಿಟ್ಟು. ಸತತ ನಾಲ್ಕು ನೈಟ್‌ಗಿಂತ ಜಾಸ್ತಿ ಬೇಡ ಅಂತ ಹನ್ನೊಂದು ಜನ ಸೈನ್ ಹಾಕಿದೆವು. ಮೊದಲ ಸೈನ್ ನನ್ನದು. ಹಿಂದೆ ಇಂಥ ಕಾಗದ ನನ್ನ ಹತ್ತಿರ ಬಂದಾಗ ನಕ್ಕು ವಾಪಸ್ ಕೊಟ್ಟಿದ್ದೆ, ಅದನ್ನು ತಂದಿದ್ದ ಹುಡುಗಿ ಈಗ ಕೆಲಸ ಬಿಟ್ಟು ಹೋಗಿದ್ದಾಳೆ.

ಈಗ ನೋರಾಡ್ ಸಿರಿಂಜ್ ಬದಲಿಸುವಾಗ ಜೂನಿಯರ್ ಕೇಳುವ ಮುಂಚೆಯೇ ಕರೆಯುತ್ತೇನೆ. ಅವಳು ಸ್ಕ್ರೀನ್ ನೋಡಿ ಜೋರಾಗಿ ಓದಬೇಕು: "ಎರಡು, ಚುಕ್ಕೆ, ಐದು." ಅವಳ ಕನ್ನಡದಲ್ಲಿ ಅದು "ಚುಕ್ಕಿ" ಆಗುತ್ತೆ. ವಾರ್ಡ್‌ನವರೆಲ್ಲ ಹಾಗೇ ಹೇಳೋಕೆ ಶುರು ಮಾಡಿದ್ದಾರೆ.

ಡ್ರಗ್ ಲೈಬ್ರರಿ ಇನ್ನೂ ಪ್ರೋಸೆಸ್‌ನಲ್ಲಿದೆ. ಮ್ಯಾನೇಜ್‌ಮೆಂಟ್‌ನವರು ಪ್ಯಾಂಟ್ರಿ ಗೋಡೆಗೆ ಕಾಡಿನ ದೊಡ್ಡ ವಾಲ್‌ಪೇಪರ್ ಅಂಟಿಸಿದ್ದಾರೆ, ಮಧ್ಯದಲ್ಲಿ ಜಲಪಾತ. ಯಾವ ದೇಶದ್ದೋ ಏನೋ. ಹೋದ ವಾರ ಅದರ ಒಂದು ಮೂಲೆ ಕಿತ್ತು ಬಂತು. ಇನ್‌ಚಾರ್ಜ್ ಸಿಸ್ಟರ್ ಆ ಜಾಗಕ್ಕೆ ಹೊಸ ಡ್ಯೂಟಿ ಲಿಸ್ಟ್ ಇಟ್ಟು ನಾಲ್ಕೂ ಕಡೆ ಮೈಕ್ರೋಪೋರ್ ಟೇಪ್ ಹಾಕಿದ್ದಾರೆ. ಜಲಪಾತದ ಅರ್ಧ ಮುಚ್ಚಿಹೋಗಿದೆ. ಹತ್ತಿರ ಹೋಗಿ ನೋಡಿದೆ. ನನಗೆ ನಾಲ್ಕು ನೈಟ್, ಆಮೇಲೆ ಎರಡು ಆಫ್. ಜೂನಿಯರ್‌ಗೆ ಮಾತ್ರ ಐದು. ಪೆನ್ ತಗೊಂಡು ಇನ್‌ಚಾರ್ಜ್ ರೂಮ್ ಕಡೆ ನಡೆದೆ.