ವಿಸೆಂಟರ್ ಲ್ಯಾಬ್ ಲಾಗ್: ಬಿದ್ದದ್ದು ಒಂದು, ಬೀಳಿಸಿದ್ದು ಇನ್ನೊಂದು

ಹೋಮ್ ಲ್ಯಾಬ್‌ನ ಕಳೆದ ಮೂರು ವಾರದ ಲೆಕ್ಕ ಇದು. ಹಾರ್ಡ್‌ವೇರ್ ಏನೂ ಬದಲಾಗಿಲ್ಲ. ಎರಡು ಇಎಸ್‌ಎಕ್ಸ್‌ಐ ಹೋಸ್ಟ್ (ವಿಎಮ್‌ಗಳನ್ನು ಓಡಿಸೋ ಸರ್ವರ್), ಒಂದಷ್ಟು ವಿಎಮ್ (ವರ್ಚುವಲ್ ಮೆಷೀನ್), ಇವನ್ನೆಲ್ಲ ನೋಡಿಕೊಳ್ಳೋದಕ್ಕೆ ಒಂದು ವಿಸೆಂಟರ್ ಅಪ್ಲೈಯನ್ಸ್, ಆವೃತ್ತಿ 8.0. ಸೈಜ್ ಟೈನಿ. ಅಂದರೆ 2 ವಿಸಿಪಿಯು, 14 ಜಿಬಿ ಮೆಮೊರಿ. ಹೆಸರು ಟೈನಿ, ಆದರೆ ನನ್ನ ಲ್ಯಾಬ್‌ನಲ್ಲಿ ಅತಿ ಜಾಸ್ತಿ ತಿನ್ನೋದು ಇದೇ.

ಮೊದಲ ವಾರ

ಶುರುವಾಗಿದ್ದು ಮೆಮೊರಿ ಉಳಿಸೋ ಆಸೆಯಿಂದ. ಎಸ್‌ಎಸ್‌ಎಚ್‌ನಲ್ಲಿ (ದೂರದಿಂದ ಕಮಾಂಡ್ ಕೊಡೋ ದಾರಿ) ವಿಸೆಂಟರ್ ಒಳಗೆ ಹೋಗಿ, 'ಶೆಲ್' ಅಂತ ಹೊಡೆದು ಬ್ಯಾಷ್‌ಗೆ ಬಂದು, 'ಸರ್ವಿಸ್-ಕಂಟ್ರೋಲ್ --ಸ್ಟೇಟಸ್ --ಆಲ್' ಕೊಟ್ಟೆ. ಅದರೊಳಗಿನ ಸರ್ವಿಸ್‌ಗಳ ಉದ್ದದ ಪಟ್ಟಿ ಬಂತು. ಓಡುತ್ತಿರುವವು ಒಂದು ಗುಂಪು, ನಿಂತಿರುವವು ಇನ್ನೊಂದು ಗುಂಪು. ನಿಂತವುಗಳಲ್ಲಿ ವಿಸಿಎಚ್‌ಎ, ನೆಟ್‌ಡಂಪರ್, ಇಮೇಜ್‌ಬಿಲ್ಡರ್ ಎಲ್ಲ ಇದ್ದವು. ಮೊದಲ ಸಲ ನೋಡಿದವರು ಗಾಬರಿಯಾಗಿ ಅವನ್ನೂ ಸ್ಟಾರ್ಟ್ ಮಾಡೋಕೆ ಹೋಗುತ್ತಾರೆ. ನಾನೂ ಹಿಂದೊಮ್ಮೆ ಹೋಗಿದ್ದೆ. ಅವು ಮೊದಲಿನಿಂದ ನಿಂತೇ ಇರುವಂಥವು, ಬೇಕಾದವರು ಎಬ್ಬಿಸಿಕೊಳ್ಳಬೇಕು. ವಿಸೆಂಟರನ್ನೇ ಜೋಡಿಯಾಗಿ ಓಡಿಸದವರಿಗೆ ವಿಸಿಎಚ್‌ಎ ಯಾಕೆ?

ನಾನು ಕೈ ಹಾಕಿದ್ದು ಡಬ್ಲ್ಯೂಸಿಪಿಗೆ ಮಾತ್ರ. ಅದು ಕುಬರ್ನೆಟಿಸ್ ಕಡೆಯ ಕೆಲಸ ನೋಡಿಕೊಳ್ಳುವ ಸರ್ವಿಸ್, ನನಗೆ ಬೇಡ. 5480 ಪೋರ್ಟ್‌ನ ಮ್ಯಾನೇಜ್‌ಮೆಂಟ್ ಪುಟಕ್ಕೆ ಹೋಗಿ ನಿಲ್ಲಿಸಿ, ಸ್ಟಾರ್ಟ್‌ಅಪ್ ಟೈಪ್ ಮ್ಯಾನುಯಲ್ ಮಾಡಿದೆ. ಸ್ವಲ್ಪ ಮೆಮೊರಿ ಉಳಿಯಿತು. ಸ್ವಲ್ಪ ಅಂದರೆ ಸ್ವಲ್ಪವೇ. ಇಷ್ಟಕ್ಕೆ ಇಷ್ಟು ಹೊತ್ತು ಕೂರಬೇಕಿತ್ತಾ ಅನ್ನಿಸಿತು.

ಅದೇ ವಾರ ಇನ್ನೊಂದು ಕಾಟ. ಎರಡನೇ ಹೋಸ್ಟ್ ಕನೆಕ್ಟ್ ಆಗುತ್ತಿತ್ತು, ಸರಿಯಾಗಿ ಒಂದು ನಿಮಿಷಕ್ಕೆ 'ನಾಟ್ ರೆಸ್ಪಾಂಡಿಂಗ್'. ಮತ್ತೆ ಕನೆಕ್ಟ್ ಮಾಡಿದರೆ ಮತ್ತೆ ಒಂದು ನಿಮಿಷ. ಈ ಒಂದು ನಿಮಿಷವೇ ಸುಳಿವು. ಹೋಸ್ಟ್‌ಗಳು 10 ಸೆಕೆಂಡಿಗೊಮ್ಮೆ ಯುಡಿಪಿ ಪೋರ್ಟ್ 902ರಲ್ಲಿ ವಿಸೆಂಟರ್‌ಗೆ ಹಾರ್ಟ್‌ಬೀಟ್ ('ನಾನಿದ್ದೀನಿ' ಅನ್ನೋ ಚಿಕ್ಕ ಸಂದೇಶ) ಕಳಿಸುತ್ತವೆ. 60 ಸೆಕೆಂಡ್ ಏನೂ ಬರದಿದ್ದರೆ ವಿಸೆಂಟರ್ ಕೈ ಬಿಟ್ಟುಬಿಡುತ್ತದೆ. ಕನೆಕ್ಟ್ ಆಗೋದು ಟಿಸಿಪಿ ಅನ್ನೋ ಬೇರೆ ದಾರಿಯಲ್ಲಿ, ಹಾಗಾಗಿ ಅದಕ್ಕೆ ತೊಂದರೆ ಇರಲಿಲ್ಲ. ವಿಸೆಂಟರ್ ಒಳಗೇ ಟಿಸಿಪಿಡಂಪ್ (ನೆಟ್‌ವರ್ಕ್‌ನಲ್ಲಿ ಹೋಗಿಬರೋದನ್ನು ಹಿಡಿದಿಡೋ ಟೂಲ್) ಹಾಕಿ ನೋಡಿದೆ. ಆ ಹೋಸ್ಟ್‌ನಿಂದ ಒಂದು ಹಾರ್ಟ್‌ಬೀಟೂ ಇಲ್ಲ. ನೆಟ್‌ವರ್ಕನ್ನು ಎರಡು ವಿಎಲ್ಯಾನ್ (ಬೇರೆ ಬೇರೆ ಭಾಗ) ಮಾಡಿದಾಗ ನಾನೇ ಬರೆದ ಫೈರ್‌ವಾಲ್ ರೂಲ್‌ನಲ್ಲಿ ಯುಡಿಪಿ ಬಿಟ್ಟುಹೋಗಿತ್ತು. ಒಂದು ಸಾಲು ಸೇರಿಸಿದೆ, ಮುಗಿಯಿತು.

ಮುಗಿಯಿತು ಅಂದುಕೊಂಡೆ.

ಎರಡನೇ ವಾರ

ಶನಿವಾರ ಬೆಳಿಗ್ಗೆ ಬ್ರೌಸರ್ ತೆರೆದರೆ ಬಿಳಿ ಪುಟದಲ್ಲಿ ಒಂದೇ ಸಾಲು: 'ನೋ ಹೆಲ್ದಿ ಅಪ್‌ಸ್ಟ್ರೀಮ್'. ಇದನ್ನು ಹೇಳೋದು ಬಾಗಿಲಲ್ಲಿ ಕೂತ ಎನ್ವಾಯ್ ಪ್ರಾಕ್ಸಿ. "ನಾನು ಇದ್ದೀನಿ, ನನ್ನ ಹಿಂದೆ ಯಾರೂ ಎದ್ದಿಲ್ಲ" ಅನ್ನೋದು ಅದರ ಅರ್ಥ. ವಿಎಮ್‌ಗಳು ತಮ್ಮ ಪಾಡಿಗೆ ಓಡುತ್ತಿದ್ದವು. ವಿಸೆಂಟರ್ ಬಿದ್ದರೆ ವಿಮೋಷನ್ (ಓಡುತ್ತಿರುವ ವಿಎಮ್ ಅನ್ನು ಇನ್ನೊಂದು ಹೋಸ್ಟ್‌ಗೆ ಸಾಗಿಸೋದು), ಡಿಆರ್‌ಎಸ್ (ಹೋಸ್ಟ್‌ಗಳ ನಡುವೆ ಹೊರೆ ಹಂಚೋದು) ಇರಲ್ಲ ಅಷ್ಟೆ. ಎಚ್‌ಎ (ಒಂದು ಹೋಸ್ಟ್ ಬಿದ್ದರೆ ಅದರ ವಿಎಮ್‌ಗಳನ್ನು ಇನ್ನೊಂದರಲ್ಲಿ ಎಬ್ಬಿಸೋದು) ಕೂಡ ಹೋಸ್ಟ್‌ಗಳ ಮೇಲಿನ ಏಜೆಂಟ್‌ಗಳ ನಡುವೆ ನಡೆಯುತ್ತಿರುತ್ತದೆ. ಹಾಗಾಗಿ ಅವಸರ ಇರಲಿಲ್ಲ. ಆದರೂ ಅವಸರ ಮಾಡಿದೆ.

ಸ್ಟೇಟಸ್ ನೋಡಿದೆ. ಬ್ರೌಸರ್ ಪುಟ ತೋರಿಸೋ ವಿಸ್ಫಿಯರ್-ಯುಐ ನಿಂತಿತ್ತು. ಕಾಣದೇ ಇರೋದು ಯುಐ, ನಿಂತಿರೋದೂ ಯುಐ, ಇನ್ನೇನು ಅಂತ ಅದನ್ನೇ ಸ್ಟಾರ್ಟ್ ಮಾಡಿದೆ. ಕಾದೆ. ಬಿತ್ತು. ಮತ್ತೆ ಸ್ಟಾರ್ಟ್. ಮತ್ತೆ ಬಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ, ಹಾಗಾಯಿತು. ಪಟ್ಟಿಯನ್ನು ಕೊನೆವರೆಗೆ ಓದಿದ್ದರೆ ವಿಪಿಎಕ್ಸ್‌ಡಿ ಕೂಡ ನಿಂತಿದ್ದು ಕಾಣುತ್ತಿತ್ತು. ಅದೇ ವಿಸೆಂಟರ್‌ನ ಜೀವ.

ರೀಬೂಟ್ ಮಾಡೋಣ ಅಂತ ಕೈ ತುರಿಸಿತು. ಈ ಸಲ ಬೇಡ, ಏನಾಗಿದೆ ಅಂತ ನೋಡಿಯೇ ಬಿಡೋಣ ಅಂದುಕೊಂಡು '--ಸ್ಟಾಪ್ --ಆಲ್' ಕೊಟ್ಟು, ಆಮೇಲೆ '--ಸ್ಟಾರ್ಟ್ --ಆಲ್' ಕೊಟ್ಟು ಕಣ್ಣು ಬಿಟ್ಟುಕೊಂಡು ಕೂತೆ. ಎದ್ದೇಳೋಕೆ ಒಂದು ಸರದಿ ಇದೆ. ಮೊದಲು ವಿಎಮ್‌ಎಎಫ್‌ಡಿಡಿ, ವಿಎಮ್‌ಡಿರ್‌ಡಿ, ವಿಎಮ್‌ಸಿಎಡಿ. ಅಂದರೆ ಗುರುತು, ಡೈರೆಕ್ಟರಿ, ಸರ್ಟಿಫಿಕೇಟ್ ಇವುಗಳ ಬುಡ. ಆಮೇಲೆ ವಿಮಾನ್ ಅನ್ನೋ ಮೇಸ್ತ್ರಿ ಬಂದು, ಯಾರ ಕೆಲಸ ಯಾರ ಮೇಲೆ ನಿಂತಿದೆ ಅಂತ ನೋಡಿ ಉಳಿದವನ್ನು ಒಂದೊಂದಾಗಿ ಎಬ್ಬಿಸುತ್ತಾನೆ. ನನ್ನಲ್ಲಿ ಎಡವಿದ್ದು ಎಸ್‌ಟಿಎಸ್‌ಡಿ ಹತ್ತಿರ. ಲಾಗಿನ್ ಟೋಕನ್ ಕೊಡೋ ಸರ್ವಿಸ್ ಅದು. ಜನರಿಗೆ ಮಾತ್ರ ಅಲ್ಲ, ಸರ್ವಿಸ್‌ಗಳು ಒಂದರ ಜೊತೆ ಒಂದು ಮಾತಾಡೋಕೂ ಟೋಕನ್ ಬೇಕು. ಅದು ಏಳದಿದ್ದರೆ ಮೇಲಿನವರು ಸಾಲಾಗಿ ಮಲಗುತ್ತಾರೆ. ಯುಐ ಇರೋದು ಆ ಸಾಲಿನ ತುದಿಯಲ್ಲಿ.

ಎಸ್‌ಟಿಎಸ್ ಅಂದ ತಕ್ಷಣ ಎಲ್ಲರಿಗೂ ನೆನಪಾಗೋದು ಸರ್ಟಿಫಿಕೇಟ್ ಅವಧಿ. ನೋಡಿದೆ, ಇನ್ನೂ ಟೈಮ್ ಇತ್ತು. ಲಾಗ್ ತೆರೆದರೆ ಕೊನೆಯ ಸಾಲು ಅರ್ಧಕ್ಕೇ ನಿಂತಿತ್ತು. ಪದದ ಮಧ್ಯದಲ್ಲಿ ಕಟ್. ಆಗ ತಲೆಗೆ ಹೊಳೆಯಿತು, ಬರೆಯೋಕೆ ಜಾಗವೇ ಇಲ್ಲ.

ಡಿಸ್ಕ್ ಎಷ್ಟು ತುಂಬಿದೆ ಅಂತ ಹೇಳೋ 'ಡಿಎಫ್ -ಎಚ್' ಕೊಟ್ಟೆ. /ಸ್ಟೋರೇಜ್/ಲಾಗ್ 100%. /ಸ್ಟೋರೇಜ್/ಆರ್ಕೈವ್ ಕೂಡ ತುಂಬಿದಂತೆಯೇ ಕಾಣುತ್ತಿತ್ತು. ಅದು ಮಾಮೂಲಿ, ಡೇಟಾಬೇಸ್‌ನ ಹಳೇ ಲಾಗ್ ಇಟ್ಟುಕೊಳ್ಳೋ ಜಾಗ, ತನ್ನಷ್ಟಕ್ಕೆ ಖಾಲಿ ಮಾಡಿಕೊಳ್ಳುತ್ತದೆ. ಅದನ್ನು ಮುಟ್ಟಬೇಡಿ. ಲಾಗ್‌ನೊಳಗೆ, ಯಾವುದು ಎಷ್ಟು ಜಾಗ ತಿಂದಿದೆ ಅಂತ ಹೇಳೋ 'ಡಿಯು' ಹೊಡೆದರೆ ಮೇಲೆಯೇ ಕೂತಿತ್ತು: ಹಾರ್ಟ್‌ಬೀಟ್.ಪಿಕ್ಯಾಪ್. ಹೋದ ವಾರ ನಾನೇ ಬ್ಯಾಕ್‌ಗ್ರೌಂಡ್‌ನಲ್ಲಿ ಬಿಟ್ಟ ಟಿಸಿಪಿಡಂಪ್. ಪೋರ್ಟ್ ಫಿಲ್ಟರ್ ಕೂಡ ಹಾಕಿರಲಿಲ್ಲ, ಎಲ್ಲಾ ಸಿಗಲಿ ಅಂತ. ಸಿಕ್ಕಿತು ನೋಡಿ ಎಲ್ಲಾ! ದಿನಾ ರಾತ್ರಿ ಹೋಗೋ ಬ್ಯಾಕಪ್ ಸಮೇತ.

'ಆರ್‌ಎಮ್' ಕೊಟ್ಟು ಫೈಲ್ ಅಳಿಸಿ ಮತ್ತೆ ಡಿಎಫ್ ನೋಡಿದೆ. ಇನ್ನೂ 100%.

ಐದು ನಿಮಿಷ ತಲೆ ಕೆರೆದುಕೊಂಡೆ. ಎಲ್‌ಎಸ್ ಕೊಡೋ ಪಟ್ಟಿಯಲ್ಲಿ ಫೈಲ್ ಇಲ್ಲ, ಡಿಯು ಲೆಕ್ಕದಲ್ಲೂ ಇಲ್ಲ, ಜಾಗ ಮಾತ್ರ ವಾಪಸ್ ಬಂದಿಲ್ಲ. ಲಿನಕ್ಸ್ ಗೊತ್ತಿರುವವರು ಈಗಾಗಲೇ ನಗುತ್ತಿರಬೇಕು ಅಲ್ವಾ? ಟಿಸಿಪಿಡಂಪ್ ಇನ್ನೂ ಓಡುತ್ತಲೇ ಇತ್ತು. ಫೈಲ್‌ನ ಹೆಸರು ಅಳಿಸಿದರೂ ತೆರೆದು ಹಿಡಿದವರು ಬಿಡೋವರೆಗೂ ಜಾಗ ಬಿಡುಗಡೆ ಆಗಲ್ಲ. 'ಪಿಎಸ್'ನಲ್ಲಿ ಹುಡುಕಿ ಕಿಲ್ ಮಾಡಿದೆ. ಡಿಎಫ್ 31%ಕ್ಕೆ ಇಳಿಯಿತು.

ಮತ್ತೆ ಸ್ಟಾಪ್ ಆಲ್, ಸ್ಟಾರ್ಟ್ ಆಲ್. ಈ ಸಲ ಎಸ್‌ಟಿಎಸ್‌ಡಿ ದಾಟಿತು. ವಿಪಿಎಕ್ಸ್‌ಡಿ ಎದ್ದಿತು. ಒಟ್ಟು 12 ನಿಮಿಷ. ಎಲ್ಲ 'ರನ್ನಿಂಗ್' ಅಂತ ತೋರಿಸಿದ ಮೇಲೂ ಎರಡು ನಿಮಿಷ ಬ್ರೌಸರ್‌ನಲ್ಲಿ ಅದೇ ಬಿಳಿ ಪುಟ. ಯುಐ ಎದ್ದರೂ ಮುಖ ತೊಳೆಯೋಕೆ ಟೈಮ್ ತಗೊಳ್ಳುತ್ತದೆ. ಈ ಎರಡು ನಿಮಿಷದಲ್ಲಿ ತಾಳ್ಮೆ ಕಳೆದುಕೊಂಡು ಮತ್ತೆ ರೀಸ್ಟಾರ್ಟ್ ಕೊಟ್ಟವರು ಎಷ್ಟು ಜನರೋ.

ಮೂರನೇ ವಾರ

ಲಾಗ್ ಡಿಸ್ಕ್ ಟೈನಿಯಲ್ಲಿ 10 ಜಿಬಿ ಮಾತ್ರ. ದೊಡ್ಡದು ಮಾಡೋಣ ಅಂತ ಹೋಸ್ಟ್ ಕ್ಲೈಂಟ್‌ಗೆ (ಹೋಸ್ಟ್‌ನದೇ ವೆಬ್ ಪುಟ) ಹೋದೆ. ಲಾಗ್ ಇರೋದು ಐದನೇ ಹಾರ್ಡ್ ಡಿಸ್ಕ್‌ನಲ್ಲಿ. ಸೈಜ್ ಬದಲಿಸೋ ಜಾಗ ಬೂದಿ ಬಣ್ಣ, ಕ್ಲಿಕ್ಕೇ ಆಗಲ್ಲ. ಸ್ನ್ಯಾಪ್‌ಶಾಟ್ (ವಿಎಮ್‌ನ ಆ ಹೊತ್ತಿನ ಸ್ಥಿತಿಯನ್ನು ಹಿಡಿದಿಟ್ಟದ್ದು) ಇದ್ದರೆ ಡಿಸ್ಕ್ ಹಿಗ್ಗಿಸೋಕೆ ಬಿಡಲ್ಲ. ಎರಡು ತಿಂಗಳ ಹಿಂದೆ ಅಪ್‌ಡೇಟ್‌ಗೆ ಮುಂಚೆ ತೆಗೆದದ್ದು ಹಾಗೇ ಉಳಿದಿತ್ತು. ಅಳಿಸಿ, 25 ಜಿಬಿ ಮಾಡಿ, ಒಳಗೆ ಬಂದು ಆಟೋಗ್ರೋ ಸ್ಕ್ರಿಪ್ಟ್ ಓಡಿಸಿದೆ. ರೀಬೂಟ್ ಇಲ್ಲದೇ ಹಿಗ್ಗಿತು.

ಆಮೇಲೆ ಒಂದು ಚಿಕ್ಕ ಬ್ಯಾಷ್ ಸ್ಕ್ರಿಪ್ಟ್ ಬರೆದೆ. ಯಾವ ಸರ್ವಿಸನ್ನೂ ಮುಟ್ಟದೆ ನಾಲ್ಕು ವಿಷಯ ಮಾತ್ರ ಹೇಳುತ್ತದೆ: ಯಾವ ಡಿಸ್ಕ್ 80% ದಾಟಿದೆ (ಆರ್ಕೈವ್ ಬಿಟ್ಟು), ಗಡಿಯಾರ ಹೋಸ್ಟ್‌ಗಳ ಜೊತೆ ಸರಿ ಇದೆಯಾ, ವಿಸೆಂಟರ್ ಹೆಸರು ಡಿಎನ್‌ಎಸ್‌ನಲ್ಲಿ ಎರಡೂ ದಿಕ್ಕಿನಲ್ಲಿ (ಹೆಸರಿಂದ ಐಪಿ, ಐಪಿಯಿಂದ ಹೆಸರು) ಸಿಗುತ್ತಾ, ಮೆಷೀನ್ ಎಸ್‌ಎಸ್‌ಎಲ್ ಸರ್ಟಿಫಿಕೇಟ್‌ಗೆ ಎಷ್ಟು ದಿನ ಉಳಿದಿದೆ. ತಾನೇ ರೀಸ್ಟಾರ್ಟ್ ಮಾಡೋ ಹಾಗೆ ಬರೆಯೋದು ಸುಲಭ ಇತ್ತು, ಬೇಕಂತಲೇ ಬರೆಯಲಿಲ್ಲ. ಆ ಶನಿವಾರ ಅದು ಇದ್ದಿದ್ದರೆ ತುಂಬಿದ ಡಿಸ್ಕ್ ಮೇಲೆ ಬೆಳಗಿನವರೆಗೂ ರೀಸ್ಟಾರ್ಟ್ ಹೊಡೆಯುತ್ತಾ ಕೂತಿರುತ್ತಿತ್ತು.

ಎಸ್‌ಟಿಎಸ್ ಸರ್ಟಿಫಿಕೇಟ್ ಚೆಕ್ ಇನ್ನೂ ಸೇರಿಸಿಲ್ಲ. ಅದು ಮೆಷೀನ್ ಸರ್ಟಿಫಿಕೇಟ್ ಇರೋ ಜಾಗದಲ್ಲಿ ಇಲ್ಲ, ಡೈರೆಕ್ಟರಿ ಒಳಗೆ ಇದೆ, ಬೇರೆ ದಾರಿಯಲ್ಲಿ ಹೋಗಬೇಕು. ಡಬ್ಲ್ಯೂಸಿಪಿ ಇನ್ನೂ ಮಲಗಿದೆ, ಯಾರೂ ಕೇಳಿಲ್ಲ. ಟಿಸಿಪಿಡಂಪ್‌ಗೆ ಒಂದು ಅಲಿಯಾಸ್ (ಕಮಾಂಡ್‌ಗೆ ಅಡ್ಡಹೆಸರು) ಮಾಡಿಟ್ಟಿದ್ದೀನಿ. '-ಸಿ 100 -ಡಬ್ಲ್ಯೂ 5' (ಎರಡೂ ದೊಡ್ಡಕ್ಷರ) ಅದರಲ್ಲೇ ಇದೆ, 100 ಎಂಬಿಯ ಐದು ಫೈಲ್ ಆದ ಮೇಲೆ ಹಳೆಯದರ ಮೇಲೆಯೇ ಬರೆಯುತ್ತದೆ.