ಇಯೋಸಿನೋಫಿಲ್ ನಾರ್ಮಲ್ ಇದೆ, ಹಾಗಾದ್ರೆ ಹುಳು ಇಲ್ವಾ?

ಬ್ಲಡ್ ರಿಪೋರ್ಟಿನಲ್ಲಿ ಇಯೋಸಿನೋಫಿಲ್ ಎಂಬ ಬಿಳಿ ರಕ್ತಕಣ ಜಾಸ್ತಿ ಬಂದರೆ ನಮ್ಮಲ್ಲಿ ಎರಡೇ ಮಾತು: ಅಲರ್ಜಿ ಇರಬೇಕು, ಇಲ್ಲಾಂದ್ರೆ ಜಂತುಹುಳು. ಅದೇನೋ ಸರಿ. ಆದರೆ ಇದನ್ನೇ ತಿರುಗಿಸಿ, ಕೌಂಟ್ ನಾರ್ಮಲ್ ಇದೆ ಅಂದಮೇಲೆ ಹುಳು ಇಲ್ಲ ಬಿಡಿ ಅನ್ನುವವರನ್ನು ಕಂಡರೆ ನನಗೆ ಕಿರಿಕಿರಿ.

ಬ್ಯಾಕ್ಟೀರಿಯಾ ಬಂದರೆ ನ್ಯೂಟ್ರೋಫಿಲ್ ಎಂಬ ಇನ್ನೊಂದು ಬಗೆಯ ಬಿಳಿ ರಕ್ತಕಣ ಹೋಗಿ ನುಂಗಿಬಿಡುತ್ತದೆ. ಹುಳುವನ್ನು ನುಂಗೋದು ಹೇಗೆ? ಅದರ ಮರಿಯೇ ಕಣಕ್ಕಿಂತ ಎಷ್ಟೋ ದೊಡ್ಡದು. ಅದಕ್ಕೇ ಇಲ್ಲಿ ದಾರಿ ಬೇರೆ. ಟಿ ಕಣಗಳು ಎಂಬ ಮತ್ತೊಂದು ಬಗೆಯ ಬಿಳಿ ರಕ್ತಕಣಗಳು ಐಎಲ್-5 ಎಂಬ ಪ್ರೋಟೀನ್ ಬಿಡುತ್ತವೆ, ಅದರಿಂದ ಮೂಳೆಮಜ್ಜೆಯಲ್ಲಿ ಇಯೋಸಿನೋಫಿಲ್ ತಯಾರಿಕೆ ಏರುತ್ತದೆ, ಅವು ಗುಂಪಾಗಿ ಮರಿಹುಳುವಿಗೆ ಅಂಟಿಕೊಂಡು ತಮ್ಮೊಳಗಿನ ವಿಷದ ಹರಳುಗಳನ್ನು ಅದರ ಮೈಮೇಲೆ ಸುರಿಯುತ್ತವೆ. ಮೈಕ್ರೋಲೀಟರ್ ರಕ್ತಕ್ಕೆ ಸುಮಾರು 500ರ ಒಳಗೆ ಇರಬೇಕಾದದ್ದು ಸಾವಿರಗಟ್ಟಲೆ ಆಗುವುದು ಹೀಗೆ.

ಆದರೆ ಇಷ್ಟೆಲ್ಲಾ ಗಲಾಟೆ ಹೆಚ್ಚಾಗಿ ಮರಿಗಳು ಮೈಯೊಳಗೆ ಓಡಾಡುವಾಗ. ದುಂಡುಹುಳುವಿನ ಮರಿಗಳು ಶ್ವಾಸಕೋಶ ಹಾದು ಬರುವಾಗ ಕೆಮ್ಮು ಬರುತ್ತದೆ, ಕೌಂಟೂ ಏರುತ್ತದೆ. ಕರುಳು ಸೇರಿ ಬೆಳೆದು ನೆಲೆ ನಿಂತ ಮೇಲೆ ಎಷ್ಟೋ ಸಲ ಕೌಂಟ್ ಇಳಿದುಬಿಡುತ್ತದೆ. ಹುಳು ಮಾತ್ರ ಅಲ್ಲೇ ಇರುತ್ತದೆ!

ಇನ್ನು ಆನೆಕಾಲಿನ ಹುಳು. ನಮ್ಮ ಕಲಬುರಗಿ, ಬೀದರ್, ಯಾದಗಿರಿ ಕಡೆಯವರಿಗೆ, ರಾತ್ರಿ ಹೊತ್ತು ರಕ್ತ ತೆಗೆಯಲು ಬರುವವರಿಂದಾಗಿ, ಇದರ ಪರಿಚಯ ಇರಬಹುದು. ಇದು ದುಗ್ಧನಾಳದಲ್ಲಿ, ಅಂದ್ರೆ ಲಿಂಫ್ ಹರಿಯುವ ನಾಳದಲ್ಲಿ, ವರ್ಷಗಟ್ಟಲೆ ಬದುಕುತ್ತದೆ. ರಕ್ತದ ತುಂಬಾ ಮರಿಗಳಿದ್ದರೂ ಆರಾಮಾಗಿ ಓಡಾಡಿಕೊಂಡಿರುವವರು ಇದ್ದಾರೆ. ಯಾಕಂದ್ರೆ ಹುಳು ಅವರ ಬಿಳಿ ಕಣಗಳನ್ನೇ ತಣ್ಣಗೆ ಮಾಡಿರುತ್ತದೆ. ಜಗಳ ತಡೆಯುವ ಟಿ ಕಣಗಳು ಹೆಚ್ಚುತ್ತವೆ, ಜಗಳ ತಣಿಸುವ ಐಎಲ್-10 ಎಂಬ ಪ್ರೋಟೀನ್ ಏರುತ್ತದೆ, ಆ ಹುಳುವಿನ ವಿಷಯದಲ್ಲಿ ಮಾತ್ರ ಉಳಿದ ಕಣಗಳು ಸುಮ್ನೆ ಕೂತುಬಿಡುತ್ತವೆ. ಇನ್ನು ಕೆಲವರಲ್ಲಿ ಪೂರ್ತಿ ಉಲ್ಟಾ. ರಕ್ತದಲ್ಲಿ ಒಂದು ಮರಿಯೂ ಸಿಗುವುದಿಲ್ಲ, ಆದರೆ ಇಯೋಸಿನೋಫಿಲ್ 3000 ದಾಟಿರುತ್ತದೆ, ರಾತ್ರಿಯೆಲ್ಲಾ ಕೆಮ್ಮು, ಉಬ್ಬಸ. ಮರಿಗಳು ಶ್ವಾಸಕೋಶದಲ್ಲಿ ಸಿಕ್ಕಿಬಿದ್ದು ಸಾಯುತ್ತಿರುತ್ತವೆ, ಜೊತೆಗೆ ಶ್ವಾಸಕೋಶವೂ ಏಟು ತಿನ್ನುತ್ತದೆ. ಇದನ್ನು ಅಸ್ತಮಾ ಅಂದುಕೊಂಡು ಇನ್‌ಹೇಲರ್ ಹಿಡಿದು ಅಲೆಯುವವರೂ ಇದ್ದಾರೆ; ಬೇಕಾಗಿರುವುದು ಆನೆಕಾಲಿನ ಹುಳುವಿಗೆ ಕೊಡುವ ಡಿಇಸಿ ಮಾತ್ರೆ. ಅಂದ್ರೆ ಹುಳು ಜಾಸ್ತಿ ಇದ್ದವರಿಗೇ ಕಾಯಿಲೆ ಜಾಸ್ತಿ ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ನನಗೆ ನಿಜವಾಗಿ ಭಯ ಹುಟ್ಟಿಸುವುದು ಸ್ಟ್ರಾಂಜಿಲಾಯ್ಡಿಸ್. ಬರಿಗಾಲಲ್ಲಿ ಮಣ್ಣು ತುಳಿದಾಗ ಚರ್ಮದ ಮೂಲಕ ಒಳಗೆ ಬರುವ ಸಣ್ಣ ಹುಳು ಇದು. ಒಳಗೇ ಮರಿ ಮಾಡಿ, ಆ ಮರಿಗಳು ಮತ್ತೆ ಅದೇ ಮನುಷ್ಯನಿಗೆ ಅಂಟಿ, ಹೀಗೇ ದಶಕಗಳು ಕಳೆಯಬಹುದು, ಏನೂ ಗೊತ್ತಾಗದೆ. ಅಷ್ಟು ದಿನ ಅದನ್ನು ಹದ್ದುಬಸ್ತಿನಲ್ಲಿ ಇಟ್ಟಿರುವುದು ನಮ್ಮ ಬಿಳಿ ಕಣಗಳೇ. ಬೇರೆ ಯಾವುದೋ ಕಾಯಿಲೆಗೆ ಸ್ಟಿರಾಯ್ಡ್ ಕೊಟ್ಟರೆ ಆ ಹಿಡಿತ ತಪ್ಪುತ್ತದೆ, ಹುಳು ಮೈಯೆಲ್ಲಾ ಹರಡಿ ಜೀವಕ್ಕೇ ಕುತ್ತು ತರಬಹುದು. ಸ್ಟಿರಾಯ್ಡ್ ಇಯೋಸಿನೋಫಿಲ್‌ಗಳನ್ನೂ ಇಳಿಸುತ್ತದೆ, ಅಲ್ವಾ? ಹಾಗಾಗಿ ಒಳಗೆ ಹುಳು ಹೆಚ್ಚುತ್ತಿರುವಾಗಲೇ ರಿಪೋರ್ಟು ನಾರ್ಮಲ್ ಕಾಣಬಹುದು. ಗದ್ದೆ, ತೋಟದಲ್ಲಿ ಬರಿಗಾಲಲ್ಲಿ ದುಡಿದವರಿಗೆ ದೀರ್ಘಕಾಲದ ಸ್ಟಿರಾಯ್ಡ್ ಶುರು ಮಾಡುವುದಿದ್ದರೆ, ಮೊದಲೇ ಈ ಹುಳುವಿನ ಪರೀಕ್ಷೆ ಬೇಕಾ ಅಂತ ಡಾಕ್ಟರನ್ನು ಕೇಳಿ.